ವಾರ್‌ಗೇಮ್ ಟೇಬಲ್ ಮೇಲಿನ ಟಿ-34ಗೆ ಧೂಳು, ಕೆಸರು, ತುಕ್ಕು ಎಷ್ಟೆಷ್ಟು?

ಪ್ರಶ್ನೆ: ನಮಸ್ಕಾರ ಸರ್, ನಾನು ಶಿವಮೊಗ್ಗದಲ್ಲಿರೋದು. ನಾವೊಂದಷ್ಟು ಜನ ಫ್ರೆಂಡ್ಸ್ ಸೇರಿ ಎರಡನೇ ಮಹಾಯುದ್ಧದ ಟೇಬಲ್‌ಟಾಪ್ ವಾರ್‌ಗೇಮ್ ಆಡ್ತೀವಿ, ಸ್ಕೇಲ್ 1/100. 1944ರ ಆಪರೇಷನ್ ಬಾಗ್ರಾತಿಯೋನ್‌ಗೆ, ಅಂದ್ರೆ ಜರ್ಮನ್ನರ ಮೇಲೆ ಸೋವಿಯತ್ ಸೈನ್ಯ ಮಾಡಿದ ದೊಡ್ಡ ದಾಳಿಗೆ ಅಂತ, ಐದು ಟಿ-34/85 ಸೋವಿಯತ್ ಟ್ಯಾಂಕ್ ಪೇಂಟ್ ಮಾಡಿದೀನಿ. ಬಾಟಲಿ ಮೇಲೆ ರಷ್ಯನ್ ಗ್ರೀನ್ ಅಂತಿದ್ದಿದ್ದನ್ನೇ ಹಚ್ಚಿದೆ, ಮೇಲೆ ಕಪ್ಪು ವಾಶ್ (ನೀರಾಗಿಸಿದ ತೆಳು ಬಣ್ಣ), ಆಮೇಲೆ ಕಿತ್ತಳೆ ತುಕ್ಕು, ಕೊನೆಗೆ ಧೂಳಿನ ಹಾಗೆ ಕಾಣೋಕೆ ಪಿಗ್ಮೆಂಟ್ ಪುಡಿ. ಈಗ ದೂರದಿಂದ ನೋಡಿದ್ರೆ ಎಲ್ಲಾ ಕಪ್ಪು ಕಪ್ಪು, ಹತ್ರದಿಂದ ನೋಡಿದ್ರೆ ಗುಜರಿ. ಆಟ ಆಡುವಾಗ ಪುಡಿ ಕೈಗೆ ಬರತ್ತೆ. ಜುಲೈನಲ್ಲಿ ಹೊಡೆದ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಎರಡು ಟ್ಯಾಂಕ್ ಮೇಲೆ ಬೆಳ್ಳಗೆ ಮಂಜು ಕಟ್ಟಿದೆ. ಎಲ್ಲಾ ಕಿತ್ತು ಮೊದಲಿಂದ ಮಾಡ್ಬೇಕಾ? ಏರ್‌ಬ್ರಶ್ ಇಲ್ದೆ ಆಗಲ್ವಾ? ಡಿಕಾಲ್ (ಮಾಡೆಲ್‌ಗೆ ಅಂಟಿಸೋ ಗುರುತು) ಶೀಟಲ್ಲಿ ಟರೆಟ್‌ಗೆ, ಅಂದ್ರೆ ಗನ್ ಇರೋ ಮೇಲಿನ ಗೋಪುರಕ್ಕೆ, ಬಿಳಿ ಪಟ್ಟಿ ಕೊಟ್ಟಿದಾರೆ, ಅಂಟಿಸ್ಲಾ?

ಉತ್ತರ: ಏನನ್ನೂ ಕೀಳ್ಬೇಡಿ. ಐದಕ್ಕೆ ಐದೂ ಉಳಿಯತ್ತೆ, ಮಂಜು ಕಟ್ಟಿರೋ ಎರಡೂ ಸೇರಿ. ನೀವು ಕಳಿಸಿರೋ ಫೋಟೋಗಳನ್ನ ದೊಡ್ಡದು ಮಾಡಿ ನೋಡಿದೆ, ಕೈ ಚೆನ್ನಾಗಿದೆ, ಬ್ರಶ್ ಗುರುತು ಕಾಣ್ತಿಲ್ಲ, ಚಕ್ರದ ರಬ್ಬರ್ ಅಂಚು ನೀಟಾಗಿ ಬಂದಿದೆ. ತೊಂದರೆ ಇರೋದು ಯಾವ್ದನ್ನ ಎಷ್ಟು ಹಚ್ಚಿದೀರಿ ಅನ್ನೋದ್ರಲ್ಲಿ. ಅಂತರ್ಜಾಲದಲ್ಲಿ ಸಿಗೋ ಹೆಚ್ಚಿನ ಪಾಠಗಳು 1/35 ಸ್ಕೇಲ್‌ನ ಶೋಕೇಸ್ ಮಾಡೆಲ್‌ಗೆ ಮಾಡಿರೋವು, ಅಲ್ಲಿ ನೋಡೋರು ಗಾಜಿಗೆ ಮೂಗು ತಾಗಿಸಿ ನೋಡ್ತಾರೆ. ನಮ್ಮ ಟ್ಯಾಂಕು ಟೇಬಲ್ ಮೇಲೆ ಒಂದು ಮೀಟರ್ ದೂರದಿಂದ, ಅದೂ ಮೇಲಿಂದ, ಟ್ಯೂಬ್‌ಲೈಟ್ ಬೆಳಕಲ್ಲಿ ಕಾಣೋದು. ಈ ದೂರಕ್ಕೆ ಕೆಲಸ ಮಾಡೋದು ಮೊದಲು ತಿಳಿ ಬಣ್ಣ, ಆಮೇಲೆ ಧೂಳು. ತುಕ್ಕಿನ ಪಾತ್ರ ತೀರಾ ಸಣ್ಣದು, ಅದಕ್ಕೇ ನಾನು ಅದನ್ನ ಕಡೇಲಿ ಹಚ್ಚೋದು, ಅದೂ ಬೆರಳೆಣಿಕೆ ಜಾಗದಲ್ಲಿ.

ಸ್ವಲ್ಪ ಲೆಕ್ಕ ಹಾಕಿ ನೋಡಿ. 1/100 ಸ್ಕೇಲಲ್ಲಿ ಒಂದು ಮೀಟರ್ ದೂರದಿಂದ ನೋಡೋದು ಅಂದ್ರೆ ನಿಜವಾದ ಟ್ಯಾಂಕನ್ನ 100 ಮೀಟರ್ ದೂರದಿಂದ ನೋಡಿದ ಹಾಗೆ. 100 ಮೀಟರ್ ದೂರದಲ್ಲಿ ನಿಂತಿರೋ ಲಾರೀನ ಒಂದ್ಸಲ ಗಮನಿಸಿ, ಅದರ ಬಣ್ಣ ಹತ್ರ ಹೋದಾಗ ಕಾಣೋಷ್ಟು ಕಡು ಇರಲ್ಲ, ನಡುವಿನ ಗಾಳಿ, ಬೆಳಕು, ಧೂಳು ಎಲ್ಲ ಸೇರಿ ಒಂಚೂರು ಮಾಸಿರತ್ತೆ. ಹಾಗಾಗಿ ಸೋವಿಯತ್ ಕಾರ್ಖಾನೆಗಳು ಬಳಸ್ತಿದ್ದ 4ಬಿಓ ಹಸಿರಿಗೆ ಪಕ್ಕಾ ಮ್ಯಾಚ್ ಆಗೋ ಬಣ್ಣವನ್ನ ಎಂಟು ಸೆಂಟಿಮೀಟರ್ ಉದ್ದದ ಮಾಡೆಲ್‌ಗೆ ಹಚ್ಚಿದ್ರೆ ಅದು ಬೇಕಾದ್ದಕ್ಕಿಂತ ಕಡುವಾಗೇ ಕಾಣತ್ತೆ, ಅದರ ಮೇಲೆ ಕಪ್ಪು ವಾಶ್ ಬಿದ್ರೆ ಇನ್ನೂ ಎರಡು ಮೆಟ್ಟಿಲು ಕೆಳಗಿಳಿಯತ್ತೆ. ಬಾಟಲಿ ಮೇಲಿನ ಹೆಸರು ತಪ್ಪಲ್ಲ, ಆದ್ರೆ ಅದು ನಿಮ್ಮ ಶುರುವಿನ ಬಣ್ಣ ಅಷ್ಟೇ, ಕೊನೆ ಬಣ್ಣ ಅಲ್ಲ.

ಇದೇ ಲೆಕ್ಕ ಸೈಜಿಗೂ ಹಾಕಿ. ನೀವು ಬ್ರಶ್ ತುದಿಯಿಂದ ಇಟ್ಟಿರೋ ಅರ್ಧ ಮಿಲಿಮೀಟರ್ ತುಕ್ಕಿನ ಚುಕ್ಕೆ ನಿಜವಾದ ಟ್ಯಾಂಕ್ ಮೇಲೆ 5 ಸೆಂಟಿಮೀಟರ್ ಗಾಯ. ಅಂಥದ್ದು ಒಂದು ಮಗ್ಗುಲಲ್ಲಿ ಮೂವತ್ತು ನಲವತ್ತು ಇದ್ರೆ ಆ ಟ್ಯಾಂಕು ಎಲ್ಲೋ ಹೊಲದಲ್ಲಿ ವರ್ಷಗಟ್ಟಲೆ ಬಿಟ್ಟಿರೋದು ಅಂತಲೇ ಕಣ್ಣು ಓದತ್ತೆ. ಹಾಗೇ ಕೆಸರಿನ 2 ಮಿಲಿಮೀಟರ್ ಮುದ್ದೆ 20 ಸೆಂಟಿಮೀಟರ್ ದಪ್ಪ ಆಯ್ತು. ಟಿ-34ರ ಚೈನು ನಿಜದಲ್ಲಿ 500 ಮಿಲಿಮೀಟರ್ ಅಗಲ, ನಿಮ್ಮ ಮಾಡೆಲ್ಲಲ್ಲಿ 5 ಮಿಲಿಮೀಟರ್, ಅದನ್ನ ಪಕ್ಕದಲ್ಲಿಟ್ಟುಕೊಂಡು ಅಳೆದ್ರೆ ಎಷ್ಟು ಹಚ್ಚಬೇಕು ಅನ್ನೋ ಅಂದಾಜು ಬೇಗ ಸಿಗತ್ತೆ.

ಈಗ ರಿಪೇರಿ ಶುರು ಮಾಡೋಣ. ಮೊದಲು ಸಡಿಲ ಇರೋ ಪುಡಿನೆಲ್ಲ ಗಟ್ಟಿ ಬ್ರಶ್ಶಲ್ಲಿ ಝಾಡಿಸಿ ತೆಗೀರಿ, ಒದ್ದೆ ಬಟ್ಟೆಯಲ್ಲಿ ಒಂದ್ಸಲ ಒರೆಸಿ ಒಣಗಿಸಿ. ಆಮೇಲೆ ಅದೇ ರಷ್ಯನ್ ಗ್ರೀನ್‌ಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಇಲ್ಲಾ ಬಫ್ (ತಿಳಿ ಮರಳು ಬಣ್ಣ) ಬೆರೆಸಿ, ಬಿಳಿ ಬೆರೆಸ್ಬೇಡಿ. ಬಿಳಿ ಹಾಕಿದ್ರೆ ಹಸಿರು ಪುದೀನಾ ಕಡೆ ತಿರುಗತ್ತೆ, ಸುಣ್ಣ ಹೊಡೆದ ಹಾಗೂ ಕಾಣತ್ತೆ, ಓಕರ್ ಹಾಕಿದ್ರೆ ಬಿಸಿಲಿಗೆ ಮಾಸಿದ ಹಸಿರಾಗತ್ತೆ. ಕ್ಯಾಮ್ಲಿನ್ ಅಕ್ರಿಲಿಕ್ ಓಕರ್ ಸಾಕು, ಹೊರದೇಶದ ಬಾಟಲಿನೇ ಬೇಕು ಅಂತಿಲ್ಲ, ಒಂದೇ ವಿಷ್ಯ ಅಂದ್ರೆ ಅದರ ಪಿಗ್ಮೆಂಟ್ ಸ್ವಲ್ಪ ದಪ್ಪ, ಹಾಗಾಗಿ ನೀರು ಮಜ್ಜಿಗೆ ಹದಕ್ಕೆ ತಂದು ಎರಡು ಮೂರು ಕೋಟ್ ಹಚ್ಚಬೇಕು. ಎಲ್ಲಾ ಕಡೆ ಒಂದೇ ಸಮ ಹಚ್ಚಬೇಡಿ. ಸಂದುಗಳಲ್ಲಿ, ಟರೆಟ್ ಕೆಳಗೆ, ಮಡ್‌ಗಾರ್ಡ್ ಅಡಿ ಈಗಿರೋ ಕಪ್ಪನ್ನ ಹಾಗೇ ಬಿಡಿ, ಪ್ಲೇಟಿನ ನಡುಭಾಗ, ಟರೆಟ್‌ನ ಮೇಲ್ಮೈ, ಎಂಜಿನ್ ಡೆಕ್ ಇಷ್ಟಕ್ಕೆ ತಿಳಿ ಹಸಿರು ಕೊಡಿ. ನೀವು ಕೊಟ್ಟ ಕಪ್ಪು ವಾಶ್ ಈಗ ನೆರಳಾಗಿ ಉಪಯೋಗಕ್ಕೆ ಬಂತು, ಅದನ್ನ ಅಳಿಸೋ ಕೆಲಸನೇ ಇಲ್ಲ. ಮುಗಿದಾಗ ಒಂಚೂರು ಜಾಸ್ತಿನೇ ಬೆಳ್ಳಗಾಯ್ತೇನೋ ಅನ್ನಿಸ್ಬೇಕು, ಮುಂದೆ ಬರೋ ಒಂದೊಂದು ಪದರವೂ ಅದನ್ನ ಇಳಿಸ್ತಾ ಹೋಗತ್ತೆ.

ಟಿ-34/85ರಲ್ಲಿ ಒಂದು ಒಳ್ಳೆ ಅನುಕೂಲ ಇದೆ, ಟರೆಟ್ಟು ಎರಕ ಹೊಯ್ದಿದ್ದು, ಮೈಯೆಲ್ಲ ತರಿತರಿ, ಕೆಳಗಿನ ಬಾಡಿ ಉಕ್ಕಿನ ಹಾಳೆ ವೆಲ್ಡ್ ಮಾಡಿದ್ದು, ನುಣುಪು. ಇವೆರಡೂ ಬೇರೆ ಬೇರೆ ಅಂತ ಪೇಂಟಲ್ಲಿ ತೋರ್ಸಿದ್ರೆ ಗೊತ್ತಿರೋರಿಗೆ ತಕ್ಷಣ ಖುಷಿ ಆಗತ್ತೆ. ಟರೆಟ್‌ಗೆ ಡ್ರೈಬ್ರಶ್ ಮಾಡಿ, ಬ್ರಶ್ಶಲ್ಲಿರೋ ಬಣ್ಣ ಹೆಚ್ಚುಕಮ್ಮಿ ಪೂರ್ತಿ ಟಿಶ್ಯೂಗೆ ಒರೆಸಿ, ಆಮೇಲೆ ಹಗುರಕ್ಕೆ ಸುತ್ತ ಸುತ್ತ ಸವರಿ, ಎರಕದ ತರಿ ಎದ್ದು ಕಾಣತ್ತೆ. ಬಾಡಿಯ ಓರೆ ಪ್ಲೇಟುಗಳಿಗೆ ಡ್ರೈಬ್ರಶ್ ಬೇಡ್ವೇ ಬೇಡ, ನುಣುಪು ಜಾಗದಲ್ಲಿ ಅದು ಪುಡಿಪುಡಿ ಗೀಚು ಬಿಡತ್ತೆ, ಅಂಚುಗಳಿಗೆ ಮಾತ್ರ ಬ್ರಶ್ಶಿನ ಪಕ್ಕ ತಾಗಿಸಿ ಎಳೀರಿ.

ಇನ್ನು ವಾಶ್. ಇಡೀ ಟ್ಯಾಂಕನ್ನ ಕಪ್ಪಲ್ಲಿ ಅದ್ದೋ ಅಭ್ಯಾಸ ದಯವಿಟ್ಟು ಬಿಡಿ, ಹಸಿರಿನ ಮೇಲೆ ಕಪ್ಪು ಸತ್ತ ಬಣ್ಣ ಕೊಡತ್ತೆ. ಕ್ಯಾಮ್ಲಿನ್ ಆರ್ಟಿಸ್ಟ್ ಆಯಿಲ್ ಕಲರ್‌ನಲ್ಲಿ ಬರ್ಂಟ್ ಅಂಬರ್ (ಕಡು ಕಂದು) ಟ್ಯೂಬ್ ತಗೊಳ್ಳಿ, ಒಂದು ರಟ್ಟಿನ ಚೂರಿನ ಮೇಲೆ ಕಡಲೆಕಾಳಿನಷ್ಟು ಹಿಂಡಿ ಒಂದೆರಡು ಗಂಟೆ ಬಿಡಿ, ಅದ್ರಲ್ಲಿರೋ ಅಗಸೆ ಎಣ್ಣೆನ ರಟ್ಟು ಹೀರ್ಕೊಳತ್ತೆ, ಇಲ್ಲಾಂದ್ರೆ ಒಣಗೋಕೆ ದಿನಗಟ್ಟಲೆ ಬೇಕು, ಹೊಳಪೂ ಉಳಿಯತ್ತೆ. ಅದನ್ನ ಪೇಂಟ್ ಅಂಗಡೀಲಿ ಸಿಗೋ ಮಿನರಲ್ ಟರ್ಪೆಂಟೈನ್‌ನಲ್ಲಿ ತೆಳುವಾಗಿ ಕರಗಿಸಿ. ಮಾಡೆಲ್ ಮೇಲೆ ಮೊದಲು ಅಕ್ರಿಲಿಕ್ ಗ್ಲಾಸ್ (ಹೊಳಪಿನ) ವಾರ್ನಿಶ್ ಒಂದು ಕೋಟ್ ಇದ್ದು ಅದು ಪೂರ್ತಿ ಒಣಗಿರ್ಬೇಕು. ಈಗ ಸಣ್ಣ ಬ್ರಶ್ಶಿನ ತುದೀನ ಡ್ರೈವರ್ ಹ್ಯಾಚ್‌ನ ಸಂದಿಗೆ ಸುಮ್ನೆ ತಾಗಿಸಿ, ಎಳೀಬೇಡಿ, ಬಣ್ಣ ತಾನೇ ಸಂದಿ ಹಿಡ್ಕೊಂಡು ಸುತ್ತ ಓಡತ್ತೆ, ಹ್ಯಾಚಿನ ಆಕಾರ ಪೆನ್ನಲ್ಲಿ ಬರೆದ ಹಾಗೆ ಎದ್ದು ಬರತ್ತೆ. ಎಂಜಿನ್ ಡೆಕ್ಕಿನ ಜಾಲರಿ, ಟರೆಟ್ ಬುಡ, ಡೀಸೆಲ್ ಡ್ರಮ್ಮಿನ ಪಟ್ಟಿಗಳು, ಚಕ್ರದ ಬೋಲ್ಟುಗಳು, ಇಷ್ಟೇ ಜಾಗ. ಅರ್ಧ ಗಂಟೆ ಬಿಟ್ಟು ಬೇರೆ ಬ್ರಶ್ಶನ್ನ ಟರ್ಪೆಂಟೈನ್‌ನಲ್ಲಿ ಅದ್ದಿ ಟಿಶ್ಯೂಗೆ ಒರೆಸಿ, ಚೆಲ್ಲಿದ ಬಣ್ಣವನ್ನ ಮೇಲಿಂದ ಕೆಳಕ್ಕೆ ಎಳೀರಿ. ಹೀಗೆ ಎಳೆದಾಗ ಉಳಿಯೋ ತೆಳ್ಳನೆ ಗೀರುಗಳೇ ಮಳೆನೀರು ಇಳಿದ ಗುರುತು, ಅದಕ್ಕೆ ಬೇರೆ ಬಾಟಲಿ ಕೊಳ್ಳೋದು ಬೇಡ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಹತ್ರ ದೀಪ, ಒಲೆ ಇರಬಾರದು.

ಈಗ ತುಕ್ಕಿನ ವಿಷ್ಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮಲ್ಲಿ ಹೊಸದಾಗಿ ಶುರು ಮಾಡಿದ ಹೆಚ್ಚಿನೋರು ಜಾರೋದು ಇಲ್ಲೇ. ನಿಮ್ಮೂರಲ್ಲಿ ಎಲ್ಲಾದ್ರೂ ಲೇಔಟ್ ಕೆಲಸ, ಕೆರೆ ಹೂಳೆತ್ತೋ ಕೆಲಸ ನಡೀತಿದ್ರೆ ಹೋಗಿ ಚೈನ್ ಇರೋ ಹಿಟಾಚಿ ಒಂದನ್ನ ಹತ್ರದಿಂದ ನೋಡಿ, ಆಪರೇಟರಣ್ಣನ್ನ ಕೇಳಿದ್ರೆ ಫೋಟೋನೂ ತೆಗೀಬಹುದು. ವರ್ಷಗಟ್ಟಲೆ ಬಿಸಿಲು ಮಳೇಲಿ ದುಡಿದ ಗಾಡಿ ಅದು. ಅದ್ರಲ್ಲಿ ಕಿತ್ತಳೆ ತುಕ್ಕು ಎಷ್ಟು ಕಡೆ ಇದೆ ಹುಡುಕಿ, ಸೈಲೆನ್ಸರ್ ಸುತ್ತ ಒಂಚೂರು, ಯಾವ್ದೋ ಬ್ರಾಕೆಟ್ ಮುರಿದಲ್ಲಿ ಒಂಚೂರು, ಅಷ್ಟೇ. ಬಕೆಟ್ಟಿನ ಹಲ್ಲು ಬೆಳ್ಳಿ ಥರ ಹೊಳೀತಿರತ್ತೆ, ಯಾಕಂದ್ರೆ ಮಣ್ಣು ಅದನ್ನ ದಿನಾ ಉಜ್ಜತ್ತೆ. ಪಿನ್ನುಗಳ ಸುತ್ತ ಗ್ರೀಸು ಸೋರಿ ಅದಕ್ಕೆ ಧೂಳು ಅಂಟಿ ಕಪ್ಪು ಮೆತ್ತೆ ಆಗಿರತ್ತೆ. ಆಪರೇಟರ್ ಹತ್ತಿ ಇಳಿಯೋ ಮೆಟ್ಟಿಲಲ್ಲಿ, ಹಿಡಿಯೋ ಕಂಬಿಯಲ್ಲಿ ಪೇಂಟ್ ಸವೆದು ಲೋಹ ನುಣ್ಣಗೆ ಕಾಣತ್ತೆ. ಉಳಿದಿದ್ದೆಲ್ಲ ಧೂಳು, ಅದೂ ಕೆಳಗೆ ದಪ್ಪ, ಮೇಲಕ್ಕೆ ಹೋದ ಹಾಗೆ ತೆಳು, ಸಪಾಟು ಜಾಗದಲ್ಲಿ ಕೂತಿದ್ದು ಒಂಥರಾ, ನಿಂತ ಗೋಡೆಗೆ ಅಂಟಿದ್ದು ಇನ್ನೊಂಥರಾ. ಹತ್ತು ಹದಿನೈದು ನಿಮಿಷ ಅಲ್ಲಿ ನಿಂತು ನೋಡಿದ್ರೆ ವೆದರಿಂಗ್‌ನ, ಅಂದ್ರೆ ಮಾಡೆಲ್ ಮೇಲೆ ಧೂಳು, ತುಕ್ಕು, ಸವೆತ ತೋರ್ಸೋ ಕೆಲಸದ ಅರ್ಧ ಪಾಠ ಆಗೋಗತ್ತೆ.

ಮ್ಯೂಸಿಯಂ ಟ್ಯಾಂಕ್ ನೋಡಿ ಕಲೀಬಹುದಲ್ವಾ ಅಂತ ಕೆಲವರು ಕೇಳ್ತಾರೆ. ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, ಈಗ ಅಹಿಲ್ಯಾನಗರ ಅಂತಾರೆ, ಅಲ್ಲಿರೋ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಅವಕಾಶ ಸಿಕ್ಕಿದ್ರೆ ಖಂಡಿತ ನೋಡಬೇಕಾದ್ದು, ಆಕಾರ, ಗಾತ್ರ, ಬೋಲ್ಟು ವೆಲ್ಡು ಎಲ್ಲಾ ಅರ್ಥ ಆಗತ್ತೆ. ಆದ್ರೆ ಯಾವ್ದೇ ಮ್ಯೂಸಿಯಂನಲ್ಲಿ ಬಯಲಲ್ಲಿ ನಿಲ್ಲಿಸಿರೋ ಗಾಡಿಗೆ ಆಗಾಗ ಹೊಸ ಪೇಂಟ್ ಹೊಡೀತಾರೆ, ಓಡದೇ ನಿಂತಿರೋದ್ರಿಂದ ಚೈನಿಗೆ ಮಾತ್ರ ತುಕ್ಕು ಹಿಡಿದಿರತ್ತೆ. ಓಡೋ ಗಾಡೀಲಿ ಇದು ತಿರುಗಾಮುರುಗಾ. ವೆದರಿಂಗಿಗೆ ಹಿಟಾಚಿನೇ ಒಳ್ಳೆ ಗುರು.

ಯುದ್ಧದ ಟ್ಯಾಂಕಿಗೆ ತುಕ್ಕು ಕಮ್ಮಿ ಇರೋಕೆ ಇನ್ನೊಂದು ಕಾರಣ ಇದೆ, ಹೇಳೋಕೆ ಸಂಕಟ ಆಗತ್ತೆ. 1944ರಲ್ಲಿ ಮುಂಚೂಣಿಗೆ ಹೋದ ಟಿ-34ಗಳಲ್ಲಿ ಎಷ್ಟೋ ಗಾಡಿ ತುಕ್ಕು ಹಿಡಿಯೋಷ್ಟು ಕಾಲ ಬದುಕ್ಲೇ ಇಲ್ಲ, ಒಳಗೆ ಐದು ಜನ ಇರ್ತಿದ್ರು. 85 ಮಿಲಿಮೀಟರ್ ಗನ್ನಿನ ಈ ಮಾದರಿ ಕಾರ್ಖಾನೆಯಿಂದ ಹೊರಗೆ ಬರೋಕೆ ಶುರುವಾಗಿದ್ದೇ 1944ರ ಆರಂಭದಲ್ಲಿ, ಬಾಗ್ರಾತಿಯೋನ್ ಶುರುವಾಗಿದ್ದು ಜೂನ್ 22-23ಕ್ಕೆ, ಅಂದ್ರೆ ನಿಮ್ಮ ಟೇಬಲ್ ಮೇಲಿನ ಟ್ಯಾಂಕಿಗೆ ಕೆಲವೇ ತಿಂಗಳ ವಯಸ್ಸು. ಹಾಗಾಗಿ ತುಕ್ಕು ಹಚ್ಚೋಕೆ ಜಾಗ ನಾಲ್ಕೇ. ಹಿಂದಿನ ಪ್ಲೇಟಿನಿಂದ ಹೊರಬಂದಿರೋ ಎರಡು ಸೈಲೆನ್ಸರ್ ಪೈಪು, ಬಿಸಿಗೆ ಅಲ್ಲಿ ಪೇಂಟ್ ಸುಟ್ಟು ಹೋಗಿರತ್ತೆ. ಪೇಂಟ್ ಮಾಡದೇ ಬಾಡಿಗೆ ಕಟ್ಟಿರೋ ಸ್ಪೇರ್ ಚೈನ್ ಕೊಂಡಿಗಳು. ಎಳೆಯೋ ಉಕ್ಕಿನ ಹಗ್ಗ. ಮತ್ತೆ ತಗಡಿನ ಮಡ್‌ಗಾರ್ಡ್ ನುಗ್ಗಾದ ಕಡೆ ಒಂದು ಗೀಟು. ಬಣ್ಣ ಬರ್ಂಟ್ ಅಂಬರ್ ಮತ್ತೆ ಬರ್ಂಟ್ ಸಿಯೆನ್ನಾ (ಕೆಂಗಂದು) ಬೆರೆಸಿದ್ದು, ಕಿತ್ತಳೆ ಬೇಕಂದ್ರೆ ಪೈಪಿನ ತುದೀಲಿ ಒಂದು ಚುಕ್ಕೆ. ಈಗಾಗ್ಲೇ ಹಚ್ಚಿರೋ ಕಿತ್ತಳೆನ ತಿಳಿ ಹಸಿರಲ್ಲಿ ಮುಚ್ಚಿ, ಅಂಚಲ್ಲಿ ಒಂದೆರಡು ಉಳಿದ್ರೂ ಪರ್ವಾಗಿಲ್ಲ, ಮೇಲೆ ಧೂಳು ಬಿದ್ದಾಗ ಒಳ್ಳೇದಾಗೇ ಕಾಣತ್ತೆ.

ಚಿಪ್ಪಿಂಗ್, ಅಂದ್ರೆ ಪೇಂಟ್ ಎದ್ದಿರೋದನ್ನ ತೋರ್ಸೋದು, ಇದಕ್ಕೆ ಪಾರ್ಸೆಲ್ ಡಬ್ಬೀಲಿ ಬರೋ ಸ್ಪಾಂಜನ್ನ ಚಿವುಟಿ ಒಂದು ತುಂಡು ತಗೊಳ್ಳಿ, ಕತ್ತರಿಸಬಾರದು, ಹರಿದ ಅಂಚೇ ಬೇಕು. ಮೊದಲು ನಿಮ್ಮ ತಿಳಿ ಹಸಿರಿಗಿಂತ ಇನ್ನೂ ತಿಳಿಯಾದ ಹಸಿರಲ್ಲಿ ಅಂಚುಗಳಿಗೆ ಒತ್ತಿ, ಅದು ಲೋಹದವರೆಗೂ ಹೋಗದ ತರಚು ಗಾಯ. ಆಮೇಲೆ ಅದರ ಒಳಗೆ ಅಲ್ಲಲ್ಲಿ ಮಾತ್ರ ಕಡು ಕಂದು. ಈ ಸೈಜಲ್ಲಿ ಮುಕ್ಕಾಲು ಕೆಲಸ ತಿಳಿ ಹಸಿರೇ ಮಾಡತ್ತೆ. ಬೆಳ್ಳಿ ಬಣ್ಣ ಬೇಡ. ಎಲ್ಲೆಲ್ಲಿ ಒತ್ತಬೇಕು ಅಂದ್ರೆ ಮನುಷ್ಯರು ಮುಟ್ಟೋ ಕಡೆ, ಗಿಡಮರ ತಾಗೋ ಕಡೆ. ಸೋವಿಯತ್ ಕಾಲಾಳುಗಳು ಟ್ಯಾಂಕ್ ಮೇಲೇ ಕೂತು ದಾಳಿಗೆ ಹೋಗ್ತಿದ್ರು, ಅದಕ್ಕೇ ಟರೆಟ್ಟು, ಬಾಡಿ ಎರಡಕ್ಕೂ ಹಿಡಿಕಂಬಿ ಹಾಕಿದ್ರು, ಆ ಕಂಬಿಗಳು, ಅವ್ರು ಕೂರ್ತಿದ್ದ ಎಂಜಿನ್ ಡೆಕ್ಕಿನ ಅಂಚು, ಕಮಾಂಡರ್ ಹ್ಯಾಚಿನ ಬಾಯಿ, ಮುಂದಿನ ಮಡ್‌ಗಾರ್ಡು. ಡೆಕ್ ಮೇಲೆ ಬೂಟಿನ ಮಣ್ಣೂ ಇರ್ಲಿ. ಟರೆಟ್ಟಿನ ನಟ್ಟನಡುವೆ, ಯಾರ ಕೈಯೂ ಕೊಂಬೆಯೂ ತಾಗದ ಕಡೆ, ಏನೂ ಬೇಡ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಧೂಳು, ಅದರ ಬಣ್ಣ ಎಲ್ಲಿಂದ ಬರತ್ತೆ ಅನ್ನೋದು. ನಿಮ್ಮ ಫೋಟೋದಲ್ಲಿ ಪುಡಿ ಕೆಂಪಗಿದೆ. ಶಿವಮೊಗ್ಗದಲ್ಲಿ ಬೆಳೆದೋರಿಗೆ ಮಣ್ಣು ಅಂದ್ರೆ ಕೆಮ್ಮಣ್ಣೇ ಕಣ್ಣಿಗೆ ಬರೋದು ಸಹಜ, ಆದ್ರೆ ಬಾಗ್ರಾತಿಯೋನ್ ನಡೆದಿದ್ದು ಬೆಲಾರೂಸ್‌ನಲ್ಲಿ. ಅಲ್ಲಿನ ಮಣ್ಣು ಬಹುಪಾಲು ಪಾಡ್‌ಸಾಲ್ ಜಾತಿದು, ಮರಳು ಜಾಸ್ತಿ, ಬೂದು ಮಿಶ್ರಿತ ತಿಳಿ ಕಂದು. ಬೇಸಿಗೇಲಿ ಕಾಡಿನ ಮರಳು ದಾರಿ ತುಂಬ ಧೂಳು, ಅದರ ಪಕ್ಕದಲ್ಲೇ ಜೌಗು. ಬಾಬ್ರೂಯ್ಸ್ಕ್ ಊರಿನ ಕಡೆ ಸೋವಿಯತ್ ಸೇನಾಪತಿ ರೊಕೊಸೊವ್‌ಸ್ಕಿಯ ಸೈನ್ಯ ಜೌಗಿನ ಮೇಲೆ ಮರದ ದಿಮ್ಮಿ ಹಾಸಿ ದಾರಿ ಮಾಡ್ಕೊಂಡು ಟ್ಯಾಂಕುಗಳನ್ನ ದಾಟಿಸಿತ್ತು, ಜುಲೈ 3ಕ್ಕೆ ಮಿನ್ಸ್ಕ್ ಬಿಡುಗಡೆ ಆಯ್ತು. ಹಾಗಾಗಿ ನಿಮ್ಮ ಟ್ಯಾಂಕಿಗೆ ಬೇಕಾಗಿರೋದು ಮೇಲೆಲ್ಲ ತಿಳಿ ಬೂದುಗಂದು ಧೂಳು, ಕೆಳಗೆ ಒಣಗಿದ ಜೌಗು ಕೆಸರು. ನಾಳೆ ಎರಡನೇ ಮಹಾಯುದ್ಧದಲ್ಲಿ ಉಕ್ರೇನ್‌ನಲ್ಲಿ ನಡೆದ ಕಾಳಗಕ್ಕೆ ಟ್ಯಾಂಕ್ ಮಾಡಿದ್ರೆ ಅಲ್ಲಿ ಚೆರ್ನೋಜೆಮ್, ಕಪ್ಪು ಮಣ್ಣು, ಗದಗ ಧಾರವಾಡದ ಎರೆ ಹೊಲ ನೋಡಿದೋರಿಗೆ ಅದು ಬೇಗ ಹೊಂದತ್ತೆ. ಎರೆಮಣ್ಣು ಒದ್ದೆ ಇದ್ದಾಗ ಕಪ್ಪು, ಒಣಗಿ ಗಾಡಿಗೆ ಅಂಟಿದ್ಮೇಲೆ ಬೂದು, ಇದನ್ನೂ ನೆನಪಿಡಿ, ಯಾವ ಕೆಸರೇ ಆಗ್ಲಿ ಒಣಗಿದ ಮೇಲೆ ತುಂಬಾ ತಿಳಿ ಆಗತ್ತೆ.

ಜೊತೆಗೆ ನೀವು ಆಡೋ ಟೇಬಲ್ಲಿನ ಮ್ಯಾಟ್ ಯಾವ ಬಣ್ಣ, ಸೈನಿಕರ ಬೇಸ್ ಯಾವ ಬಣ್ಣ ಅದನ್ನೂ ನೋಡ್ಕೊಳ್ಳಿ. ಮಾಡೆಲ್ಲು ನೆಲಕ್ಕೆ ಸೇರಿದ್ದು ಅನ್ನಿಸ್ಬೇಕು ಅಂದ್ರೆ ಎರಡೂ ಕಡೆ ಒಂದೇ ಮಣ್ಣು ಇರ್ಬೇಕು. ಒಂದು ಬಾಟಲಿ ಬಫ್, ಒಂದಿಷ್ಟು ರಾ ಅಂಬರ್ ಬೆರೆಸಿ ಒಂದೇ ಸಲಕ್ಕೆ ಜಾಸ್ತಿ ಮಾಡಿ ಡಬ್ಬೀಲಿ ತುಂಬಿಟ್ಕೊಳ್ಳಿ, ಐದೂ ಟ್ಯಾಂಕಿಗೆ, ಕಾಲಾಳುಗಳ ಬೇಸಿಗೆ, ಲಾರಿಗೆ ಎಲ್ಲಕ್ಕೂ ಅದೇ. ಇಡೀ ಸೈನ್ಯ ಒಂದೇ ದಾರೀಲಿ ಬಂದಿದೆ ಅನ್ನೋ ಹಾಗೆ ಕಾಣತ್ತೆ.

ಹಚ್ಚೋದು ಹೇಗಂದ್ರೆ, ಪುಡಿ ಬದಲು ಈ ಬಣ್ಣನೇ ಬಳಸಿ, ಕೈಯಲ್ಲಿ ಆಡಿಸೋ ಮಾಡೆಲ್‌ಗೆ ಪೇಂಟೇ ಬಾಳಿಕೆ. ತುಂಬಾ ನೀರು ಬೆರೆಸಿ, ಹಚ್ಚಿದ್ರೆ ಕಂಡೂ ಕಾಣದ ಹಾಗಿರ್ಬೇಕು, ಮಡ್‌ಗಾರ್ಡ್ ಮೇಲೆ, ಎಂಜಿನ್ ಡೆಕ್ ಮೇಲೆ, ಮುಂದಿನ ಓರೆ ಪ್ಲೇಟಿನ ಕೆಳಗಿನ ಅರ್ಧಕ್ಕೆ ಪದರ ಪದರವಾಗಿ ಕೊಡಿ, ಒಂದು ಒಣಗಿದ ಮೇಲೆ ಇನ್ನೊಂದು. ಅಂಚಲ್ಲಿ ನೀರಿನ ಕಲೆ ಕಟ್ಟೋಕೆ ಶುರುವಾದ್ರೆ ಒದ್ದೆ ಬ್ರಶ್ಶಲ್ಲಿ ತಕ್ಷಣ ಸವರಿ ಬಿಡಿ. ಕೆಳಗಿನ ಬಾಡಿ ಮತ್ತೆ ಚಕ್ರಗಳಿಗೆ ಅದೇ ಬಣ್ಣ ಸ್ವಲ್ಪ ಗಟ್ಟಿ, ಸ್ಪಾಂಜಲ್ಲಿ ಒತ್ತಿ. ಕಡೆಗೆ ಇನ್ನೂ ತಿಳಿ ಮಾಡಿ ಕೆಳಗಿಂದ ಮೇಲಕ್ಕೆ ಹಗುರ ಡ್ರೈಬ್ರಶ್. ಒಂದು ಮೀಟರ್ ಹಿಂದೆ ಸರಿದು ನೋಡಿ, ಟ್ಯಾಂಕಿನ ಕೆಳಗಿನ ಮೂರನೇ ಒಂದು ಭಾಗ ಮಣ್ಣಿನ ಬಣ್ಣ, ಮೇಲಿನದು ಹಸಿರು ಅಂತ ಸ್ಪಷ್ಟವಾಗಿ ಓದಿದ್ರೆ ಸರಿ ಇದೆ. ಬೇಕಿದ್ರೆ ಕೆಸರಿನ ಮುದ್ದೆಗೆ ಗೋಡೆಗೆ ಹಚ್ಚೋ ಪುಟ್ಟಿ ಪುಡಿ, ಒಂಚೂರು ಫೆವಿಕಾಲ್, ಇದೇ ಬಣ್ಣ ಕಲಸಿ ಚೈನಿನ ಸಂದು, ಮಡ್‌ಗಾರ್ಡಿನ ಅಡಿ, ಹಿಂದಿನ ಪ್ಲೇಟಿನ ಕೆಳಗೆ ಮೆತ್ತಿ. ಅಂಗಳದ ಮಣ್ಣು ಜರಡಿ ಹಿಡಿಯದೇ ಹಾಕ್ಬೇಡಿ, ಅರ್ಧ ಮಿಲಿಮೀಟರ್ ಮರಳು ಕಣ ಈ ಸ್ಕೇಲಲ್ಲಿ 5 ಸೆಂಟಿಮೀಟರ್ ಜಲ್ಲಿ ಆಗತ್ತೆ.

ಚೈನಿಗೆ ಬೆಳ್ಳಿ ಹಚ್ಚಿ ಅದರ ಮೇಲೆ ಕಿತ್ತಳೆ ಹಚ್ಚಿದೀರಿ, ಅದನ್ನ ಕಪ್ಪು, ಕಂದು ಬೆರೆಸಿದ ಕಡು ಬಣ್ಣದಲ್ಲಿ ಮುಚ್ಚಿ. ಮೇಲೆ ಮಣ್ಣಿನ ಬಣ್ಣದ ವಾಶ್. ಒಣಗಿದ ಮೇಲೆ 6ಬಿ ಪೆನ್ಸಿಲ್ಲಿನ ಸೀಸನ ಚೈನಿನ ಎದ್ದಿರೋ ಗೆರೆಗಳ ಮೇಲಷ್ಟೇ ಉಜ್ಜಿ, ನೆಲಕ್ಕೆ ತಾಗಿ ಸವೆದ ಉಕ್ಕಿನ ಹೊಳಪು ಇಷ್ಟು ಚೆನ್ನಾಗಿ ಯಾವ ಮೆಟಾಲಿಕ್ ಬಣ್ಣದಲ್ಲೂ ಬರಲ್ಲ. ಮಳೇಲಿ ಒಂದು ರಾತ್ರಿ ನಿಂತ್ರೆ ಚೈನಿಗೆ ತುಕ್ಕು ಬರತ್ತೆ ನಿಜ, ಗಾಡಿ ಒಂಚೂರು ದೂರ ಓಡಿದ್ರೆ ಅದು ಉಜ್ಜಿಹೋಗತ್ತೆ. ಟಿ-34ರಲ್ಲಿ ಚೈನನ್ನ ಮೇಲೆ ಎತ್ತಿ ಹಿಡಿಯೋ ಸಣ್ಣ ರೋಲರ್‌ಗಳು ಇಲ್ಲ, ಐದು ದೊಡ್ಡ ಚಕ್ರಗಳ ಬೆನ್ನ ಮೇಲೇ ಅದು ಮಲಗಿರತ್ತೆ, ಹಾಗಾಗಿ ಚಕ್ರದ ನೆತ್ತಿಯಲ್ಲೂ ಮಣ್ಣು ಜಾಸ್ತಿ ಸೇರತ್ತೆ, ಅಲ್ಲಿ ಕೈ ತಡೀಬೇಡಿ. ಚೈನಿನ ಅಡಿಭಾಗಕ್ಕೆ ಸಮಯ ಹಾಳು ಮಾಡ್ಬೇಡಿ, ಟೇಬಲ್ ಮೇಲೆ ಅದು ಯಾರಿಗೂ ಕಾಣಲ್ಲ.

ಡಿಕಾಲ್ ವಿಷ್ಯ. ಟರೆಟ್ ಸುತ್ತ ಬಿಳಿ ಪಟ್ಟಿ 1945ರ ಏಪ್ರಿಲ್‌ನಲ್ಲಿ, ಬರ್ಲಿನ್ ದಾಳಿ ಹೊತ್ತಲ್ಲಿ ಹಾಕಿದ್ದು, ವಿಮಾನದೋರಿಗೆ ತಮ್ಮ ಟ್ಯಾಂಕ್ ಯಾವುದು ಅಂತ ಮೇಲಿಂದ ಗೊತ್ತಾಗ್ಲಿ ಅಂತ. ಬಾಗ್ರಾತಿಯೋನ್‌ಗೆ ಅದು ಬೇಡ, ಎತ್ತಿಟ್ಕೊಳ್ಳಿ. ಬರೀ ಬಿಳಿ ಸಂಖ್ಯೆ ಸಾಕು. ಅಂಟಿಸೋ ಜಾಗಕ್ಕೆ ಗ್ಲಾಸ್ ವಾರ್ನಿಶ್ ಇರ್ಲೇಬೇಕು, ಇಲ್ಲಾಂದ್ರೆ ಎರಕದ ತರಿ ಮೇಲೆ ಡಿಕಾಲ್ ಅಡೀಲಿ ಗಾಳಿ ಸಿಕ್ಕೊಂಡು ಬೆಳ್ಳಿ ಥರ ಹೊಳೆಯತ್ತೆ. ಡಿಕಾಲ್ ಮೆತ್ತಗೆ ಮಾಡೋ ದ್ರಾವಣ ಸಿಕ್ಕಿದ್ರೆ ಬಳಸಿ. ಸಂಖ್ಯೆ ಹೊಸದಾಗಿ ಎದ್ದು ಕಾಣ್ತಿದ್ರೆ ಧೂಳಿನ ಒಂದು ತೆಳು ಪದರ ಅದರ ಮೇಲೂ ಎಳೀರಿ. ಇನ್ನೊಂದು ಸಣ್ಣ ಸಲಹೆ, ಗಿಡದ ಒಣ ಕಡ್ಡಿ 2 ಮಿಲಿಮೀಟರ್ ದಪ್ಪದ್ದು ಬಾಡಿ ಪಕ್ಕಕ್ಕೆ ದಾರದಲ್ಲಿ ಕಟ್ಟಿ ಅಂಟಿಸಿ, ಜೌಗಲ್ಲಿ ಸಿಕ್ಕಿಬಿದ್ದಾಗ ಚೈನಿನ ಅಡಿ ಕೊಡೋ ದಿಮ್ಮಿ ಅದು. ಬೆಲಾರೂಸ್‌ಗೆ ತುಂಬಾ ಒಪ್ಪತ್ತೆ.

ಈಗ ವಾರ್ನಿಶ್. ಆಟದ ಮಾಡೆಲ್‌ಗೆ ಗ್ಲಾಸ್ ಒಂದು ಪದರ ಅಡೀಲಿ, ಮ್ಯಾಟ್ ಒಂದು ಪದರ ಮೇಲೆ, ಇದೇ ಗಟ್ಟಿ, ಗ್ಲಾಸ್ ಹೆಚ್ಚು ಕಾಲ ತಾಳತ್ತೆ, ಮ್ಯಾಟು ಬರೀ ನೋಟಕ್ಕೆ. ಬರ್ಂಟ್ ಅಂಬರ್ ಆಯಿಲ್ ಹಚ್ಚಿದ್ಮೇಲೆ ಒಂದು ಪೂರ್ತಿ ದಿನ, ಮಳೆಗಾಲ ಆದ್ರೆ ಎರಡು ಮೂರು ದಿನ ಒಣಗಿಸಿ ವಾರ್ನಿಶ್ ಹೊಡೀರಿ. ಪಿಗ್ಮೆಂಟ್ ಪುಡಿ ಬಳಸ್ಲೇಬೇಕು ಅನ್ಸಿದ್ರೆ ಮ್ಯಾಟ್ ವಾರ್ನಿಶ್‌ನಲ್ಲೇ ಕಲಸಿ ಹಚ್ಚಿ, ಬರೀ ಪುಡಿ ಉದುರಿಸಿ ಅದರ ಮೇಲೆ ಸ್ಪ್ರೇ ಹೊಡೆದ್ರೆ ಅರ್ಧ ಹಾರಿಹೋಗತ್ತೆ, ಉಳಿದಿದ್ದು ಕಡುವಾಗಿ ಮಾಯ ಆಗತ್ತೆ. ಡೀಸೆಲ್ ಸೋರಿದ ಕಲೆ, ಚಕ್ರದ ನಡುವಿನ ಗ್ರೀಸು, ಇಂಥ ಒದ್ದೆ ಹೊಳಪಿನ ಕೆಲಸ ಮಾತ್ರ ಮ್ಯಾಟ್ ಆದ್ಮೇಲೆ, ಗ್ಲಾಸ್ ವಾರ್ನಿಶ್‌ಗೆ ಚೂರು ಬರ್ಂಟ್ ಅಂಬರ್ ಅಕ್ರಿಲಿಕ್ ಸೇರಿಸಿ, ಡ್ರಮ್ಮಿನ ಮುಚ್ಚಳದ ಕೆಳಗೆ ಒಂದೇ ಒಂದು ಗೀಟು. ಅಷ್ಟೇ ಸಾಕು, ಟೇಬಲ್ ದೀಪಕ್ಕೆ ಅದು ಮಿಂಚತ್ತೆ.

ಮಂಜು ಕಟ್ಟಿದ್ದು ನಿಮ್ಮ ಡಬ್ಬಿ ದೋಷ ಅಲ್ಲ, ಮಲೆನಾಡಿನ ಜುಲೈ ಗಾಳಿ. ಸ್ಪ್ರೇಯಲ್ಲಿರೋ ದ್ರಾವಕ ಸರ್ರನೆ ಆರುವಾಗ ಮೇಲ್ಮೈ ತಣ್ಣಗಾಗತ್ತೆ, ಗಾಳಿಯ ತೇವ ಅದರ ಮೇಲೆ ಕೂತು ವಾರ್ನಿಶ್ ಒಳಗೆ ಸಿಕ್ಕೊಳತ್ತೆ, ಅದೇ ಆ ಬಿಳುಪು. ಅದಕ್ಕೆ ಬ್ರಶ್ಶಲ್ಲಿ ಗ್ಲಾಸ್ ವಾರ್ನಿಶ್ ಒಂದು ತೆಳು ಕೋಟ್ ಹಚ್ಚಿ, ಹೆಚ್ಚಿನ ಸಲ ಮಂಜು ಅಲ್ಲೇ ಕರಗಿ ಬಣ್ಣ ವಾಪಸ್ ಬರತ್ತೆ. ಎಲ್ಲಾದ್ರೂ ಉಳಿದ್ರೆ ಅದರ ಮೇಲೇ ಧೂಳಿನ ಪದರ ಶುರು ಮಾಡಿ, ಈ ಎರಡು ಟ್ಯಾಂಕ್ ಉಳಿದ ಮೂರಕ್ಕಿಂತ ಹೆಚ್ಚು ಧೂಳಲ್ಲಿ ಓಡಿವೆ ಅಂತ ಇರ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಬಿಟ್ಟು ಬ್ರಶ್ಶಲ್ಲಿ ಹಚ್ಚೋ ವಾಟರ್‌ಬೇಸ್ಡ್ ಮ್ಯಾಟ್ ಬಳಸಿ, ಬಾಟಲಿನ ಚೆನ್ನಾಗಿ ಅಲುಗಾಡಿಸಿ, ತೆಳ್ಳಗೆ ಹಚ್ಚಿ, ಹಚ್ಚಿದ ಜಾಗಕ್ಕೆ ಅರೆ ಒಣಗಿದಾಗ ಮತ್ತೆ ಬ್ರಶ್ ಹಾಕ್ಬೇಡಿ, ಬಿಳಿ ಕಲೆ ಆಗತ್ತೆ.

ಏರ್‌ಬ್ರಶ್ಶು ಈಗಲೇ ಬೇಡ. ಮೇಲೆ ಹೇಳಿದ್ದೆಲ್ಲ ಬ್ರಶ್ಶು, ಸ್ಪಾಂಜು, ಪೆನ್ಸಿಲ್ಲಲ್ಲೇ ಆಗೋ ಕೆಲಸ. ಕೈಯಲ್ಲಿ ದುಡ್ಡಿದ್ರೆ ಮೊದಲು ಒಳ್ಳೆ ಮ್ಯಾಟ್ ವಾರ್ನಿಶ್ ಬಾಟಲಿ, ಆಮೇಲೆ ತುದಿ ಚೂಪಿರೋ ಸೊನ್ನೆ ನಂಬರ್ ಬ್ರಶ್ ಒಂದು ತಗೊಳ್ಳಿ. ಮೊದಲು ಮಂಜು ಕಟ್ಟಿರೋ ಟ್ಯಾಂಕಲ್ಲಿ ಒಂದನ್ನ ಮಾತ್ರ ಕೈಗೆತ್ತಿಕೊಂಡು ಪೂರ್ತಿ ಮುಗಿಸಿ, ನೀವು ಆಡೋ ಮ್ಯಾಟ್ ಮೇಲಿಟ್ಟು ಹಗಲು ಬೆಳಕಲ್ಲೂ ರಾತ್ರಿ ಟ್ಯೂಬ್‌ಲೈಟಲ್ಲೂ ನೋಡಿ, ಧೂಳು ಹೆಚ್ಚಾಯ್ತಾ ಕಮ್ಮಿ ಆಯ್ತಾ ಅಂತ ಅಲ್ಲೇ ತೀರ್ಮಾನ ಮಾಡಿ. ಉಳಿದ ನಾಲ್ಕನ್ನ ಸಾಲಾಗಿ ನಿಲ್ಲಿಸಿ ಒಂದೊಂದು ಹಂತವನ್ನ ನಾಲ್ಕಕ್ಕೂ ಒಟ್ಟಿಗೆ ಮಾಡ್ತಾ ಹೋಗಿ, ಕೊನೇದು ಮುಗಿಯೋ ಹೊತ್ತಿಗೆ ಮೊದಲನೇದು ಒಣಗಿರತ್ತೆ.